‘ಆಸಿ ಹಚ್ಚಿದ’ ಅಂದರೆ ‘ಆಮಿಷ ಒಡ್ಡಿದ’ ಅಂತಾನಾ?

ಅರ್ಜಿ ಬರೆಯುವವ, ಜೇವರ್ಗಿ

ಎಲ್ಲರಿಗೂ ಶರಣು. ನಾನು ತಹಸೀಲ್ ಕಚೇರಿ ಮುಂದೆ ಕುಳಿತು ಅರ್ಜಿ ಬರೆದುಕೊಡುವವನು. 19 ವರ್ಷದಿಂದ ಇದೇ ಕೆಲಸ. ಜನ ತಮ್ಮ ಮಾತಿನಲ್ಲಿ ಹೇಳುತ್ತಾರೆ, ನಾನು ಕಚೇರಿಯ ಮಾತಿನಲ್ಲಿ ಬರೆಯುತ್ತೇನೆ. "ಹೊಲದಾಗ ನೀರ್ ನಿಂತು ಬೆಳಿ ಹೋತ್ರೀ" ಅಂದರೆ "ಅತಿವೃಷ್ಟಿಯಿಂದ ಬೆಳೆ ಹಾನಿಯಾಗಿರುತ್ತದೆ" ಅಂತ ಬರೆಯುತ್ತೇನೆ. ಇಷ್ಟು ದಿನ ಅದರಲ್ಲಿ ತೊಡಕು ಬಂದಿರಲಿಲ್ಲ.

ಹೋದ ವಾರ ಒಬ್ಬ ಅಕ್ಕ ಬಂದರು. ಅವರ ಓಣಿಗೆ ಒಬ್ಬ ಬಂದು, ಹೊಲಿಗೆ ಮಷೀನು ಅರ್ಧ ದರಕ್ಕೆ ಕೊಡಿಸುತ್ತೇನೆ ಅಂತ ಹೇಳಿ, 12 ಹೆಣ್ಣುಮಕ್ಕಳಿಂದ ತಲಾ 3,500 ರೂಪಾಯಿ ಇಸಿದುಕೊಂಡು ಹೋಗಿದ್ದಾನೆ. ಮಷೀನೂ ಬಂದಿಲ್ಲ, ಅವನ ಫೋನೂ ಹತ್ತುತ್ತಿಲ್ಲ. ಆ ಅಕ್ಕ ಹೇಳಿದ ಮಾತು ಇಷ್ಟೇ: "ಆಸಿ ಹಚ್ಚಿ ರೊಕ್ಕ ಒಯ್ದಾನ್ರೀ." ನಾನು ಬರೆದದ್ದು: "ಆಮಿಷ ಒಡ್ಡಿ ಹಣ ಪಡೆದಿರುತ್ತಾನೆ."

ಬರೆದ ಮೇಲೆ ಒಮ್ಮೆ ಓದಿ ಹೇಳುವುದು ನನ್ನ ರೂಢಿ. ಆಮಿಷ ಅಂದ ಕೂಡಲೇ ಅವರು ತಡೆದರು. ಅದೇನು ಅಂತ ಕೇಳಿದರು. ಆಸೆ ತೋರಿಸುವುದು, ಮೀನು ಹಿಡಿಯುವಾಗ ಗಾಳಕ್ಕೆ ಹುಳ ಸಿಗಿಸುತ್ತಾರಲ್ಲ ಹಾಗೆ, ಅಂತ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, "ನಾ ಏನ್ ಮೀನಾ ಏನ್ರೀ? ಮಗಳ ಸಾಲಿ ಫೀಸು ಕಟ್ಟಲಾಕ ಮಷೀನ್ ಬೇಕಂದೀನಿ. ಹಂಗ ಬರೀಬ್ಯಾಡ್ರೀ" ಅಂದರು.

ಅರ್ಜಿ ಅಲ್ಲಿಗೇ ನಿಂತಿದೆ. ಸ್ವಲ್ಪ ದಿನ ಬಿಟ್ಟು ಬನ್ನಿ ಅಂತ ಹೇಳಿ ಕಳಿಸಿದ್ದೇನೆ. ಆವತ್ತಿನಿಂದ ಆ ಮಾತು ಕಿವಿಯಲ್ಲೇ ಇದೆ. ಇಷ್ಟು ವರ್ಷ ಎಷ್ಟು ಜನರ ಅರ್ಜಿಯಲ್ಲಿ ಈ ಪದ ಬರೆದಿದ್ದೇನೋ. ಎರಡೂ ಒಂದೇ ಅರ್ಥವಾ? ಬಲ್ಲವರು ಹೇಳಿ. ತುಂಬ ಕೃತಜ್ಞನಾಗಿರುತ್ತೇನೆ.

ಕನ್ನಡ ಮಾಸ್ತರ, ಬೀದರ

ಒಳ್ಳೆಯ ಪ್ರಶ್ನೆ ಸರ್. ಮೊದಲು ಪದದ ಬೇರು ನೋಡೋಣ. ಆಮಿಷ ಸಂಸ್ಕೃತದ ಪದ. ಅದರ ಮೂಲ ಅರ್ಥ ಮಾಂಸ. ಹಿಂದಿ, ಬಂಗಾಳಿಯಲ್ಲಿ ಸಸ್ಯಾಹಾರಕ್ಕೆ ‘ನಿರಾಮಿಷ’ ಅನ್ನುತ್ತಾರೆ, ಅಂದರೆ ಆಮಿಷ ಇಲ್ಲದ ಊಟ. ಹಿಂದಿಯಲ್ಲಿ ಮಾಂಸದ ಊಟಕ್ಕೆ ‘ಸಾಮಿಷ’. ಪ್ರಾಣಿಯನ್ನು ಬೋನಿಗೆ ಬೀಳಿಸಲು ಮಾಂಸದ ತುಂಡು ಇಡುತ್ತಾರೆ. ಹಾಗಾಗಿ ಮಾಂಸ ಅನ್ನುವ ಪದವೇ ಎರೆ ಅನ್ನುವ ಅರ್ಥಕ್ಕೂ ಬಂತು. ಅಲ್ಲಿಂದ ಲಂಚ, ಆಸೆ ತೋರಿಸುವುದು, ಎಲ್ಲವೂ ಅದರ ಕೆಳಗೆ ಸೇರಿಕೊಂಡವು. ಕನ್ನಡದಲ್ಲಿ ಮಾಂಸದ ಅರ್ಥ ಬಿಟ್ಟುಹೋಗಿ, ಆಸೆ ತೋರಿಸುವ ಅರ್ಥ ಮಾತ್ರ ಉಳಿದಿದೆ. ಮರಾಠಿ ಪತ್ರಿಕೆಗಳಲ್ಲೂ ಹೀಗೇ ಬಳಸುತ್ತಾರೆ. ನಮ್ಮ ಗಡಿಯ ಜನಕ್ಕೆ ಅದು ಗೊತ್ತೇ ಇರುತ್ತದೆ.

ನೀವು ಬರೆದದ್ದು ತಪ್ಪಲ್ಲ. ಅರ್ಜಿ, ಪತ್ರಿಕೆ, ಕೋರ್ಟು, ಎಲ್ಲ ಕಡೆ ‘ಆಮಿಷ ಒಡ್ಡಿ’ ಅನ್ನುವುದು ಸರಿಯಾದ ಬಳಕೆ. ಆ ತಾಯಿಗೆ ಪದ ಹೊಸದು, ಅದಕ್ಕೆ ಬೇಸರವಾಗಿದೆ ಅನ್ನಿಸುತ್ತದೆ.

ಭೀಮಾ ದಂಡಿ, ಯಾದಗಿರಿ

ಮಾಸ್ತರ್ರೇ, ಎರೆ ಅಂದರೆ ನಮ್ಮ ಕಡೆ ಜಾಸ್ತಿ ಜನಕ್ಕೆ ಕಪ್ಪು ಮಣ್ಣು ನೆನಪಿಗೆ ಬರುತ್ತದೆ. ‘ಎರಿ ಹೊಲ’ ಅಂತಾರಲ್ಲ. ಗಾಳಕ್ಕೆ ಹಾಕುವ ಎರೆ ಬೇರೆ, ಎರೆಹುಳು ಅನ್ನುವುದರಲ್ಲಿ ಅದು ಉಳಿದಿದೆ.

ನಮ್ಮದು ಮೀನು ಹಿಡಿಯುವ ಮನೆತನ. ಅಪ್ಪನ ಜೊತೆ ಹೊಳೆಗೆ ಹೋಗಿ ಬೆಳೆದವನು ನಾನು. ಒಂದು ಮಾತು ಹೇಳುತ್ತೇನೆ, ಇದು ಪುಸ್ತಕದಲ್ಲಿ ಸಿಗುವುದಿಲ್ಲ. ಗಾಳಕ್ಕೆ ಹಾಕಿದ ಹುಳ ಸುಳ್ಳಲ್ಲ. ಅದು ಖರೇ ಹುಳವೇ. ಮೀನು ಅದನ್ನು ನಿಜವಾಗಿಯೂ ತಿನ್ನುತ್ತದೆ. ಮೀನಿಗೆ ಕಾಣದೆ ಇರುವುದು ಒಳಗಿನ ಕೊಕ್ಕಿ. ನಿಮ್ಮ ಹತ್ತಿರ ಬಂದ ಅಕ್ಕನಿಗೆ ಆ ಮನುಷ್ಯ ಹುಳವನ್ನೂ ಕೊಟ್ಟಿಲ್ಲ. ಮಷೀನು ತೋರಿಸಿಲ್ಲ, ಮಷೀನಿನ ಹೆಸರು ಹೇಳಿದ್ದಾನೆ ಅಷ್ಟೇ. ಅದು ಗಾಳ ಹೇಗಾಗುತ್ತದೆ?

ಅರ್ಜಿ ಬರೆಯುವವ, ಜೇವರ್ಗಿ

ಅಣ್ಣಾ, ಈ ಮಾತು ನನಗೆ ಹೊಳೆದಿರಲಿಲ್ಲ. ಹುಳ ಖರೇ, ಕೊಕ್ಕಿ ಮುಚ್ಚಿದ್ದು. ಇಲ್ಲಿ ಹುಳವೇ ಇಲ್ಲ. ಇದನ್ನು ಬರೆದಿಟ್ಟುಕೊಂಡೆ.

ಶಾಲೆ ಅಕ್ಕೋರು, ಭಾಲ್ಕಿ

ನನಗೆ ಮಾಸ್ತರರ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆ ಅಕ್ಕನ ಬೇಸರ ಪದ ಹೊಸದು ಅನ್ನುವುದಕ್ಕಲ್ಲ. ಅರ್ಥ ತಿಳಿದ ಮೇಲೆ ತಾನೇ ಅವರು ಬೇಡ ಅಂದದ್ದು?

ಆಸೆ ಅನ್ನುವ ಪದವನ್ನೇ ನೋಡಿ. ಸಂಸ್ಕೃತದ ಆಶಾ ನಮ್ಮಲ್ಲಿ ಆಸೆ ಆಯಿತು. ಹಿಂದಿಯಲ್ಲಿ ಅದಕ್ಕೆ ಭರವಸೆ ಅನ್ನುವ ಅರ್ಥ. ಕನ್ನಡದಲ್ಲಿ ಎರಡೂ ಅರ್ಥ ಒಂದೇ ಪದದಲ್ಲಿವೆ. "ಬಂಗಾರದ ಆಸೆ" ಅಂದರೆ ಬೇಕೆನ್ನುವುದು. "ರೋಗಿ ಉಳಿಯುವ ಆಸೆ ಇಲ್ಲ" ಅಂದರೆ ಭರವಸೆ ಇಲ್ಲ ಅಂತ. ‘ಆಸಿ ಹಚ್ಚಿದ’ ಅಂದಾಗ ಆ ಅಕ್ಕನ ಬಾಯಲ್ಲಿ ಇದ್ದದ್ದು ಈ ಎರಡನೆಯ ಆಸೆ. ನಾಳೆ ಚೆನ್ನಾಗಿರುತ್ತದೆ, ಮಗಳ ಫೀಸು ಕಟ್ಟಬಹುದು ಅನ್ನುವ ಆಸೆ.

ಹಚ್ಚುವುದು ಅನ್ನುವ ಪದವೂ ಹಾಗೇ. ನಮ್ಮ ಕಡೆ ಅದಕ್ಕೆ ಎಷ್ಟು ಕೆಲಸ ಇದೆ ನೋಡಿ. ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಹುಡುಗನನ್ನು ಕೆಲಸಕ್ಕೆ ಹಚ್ಚುತ್ತೇವೆ, ಗಿಡ ಹಚ್ಚುತ್ತೇವೆ. ಬೆಂಗಳೂರಿನವರು ಗಿಡ ನೆಡುತ್ತಾರೆ, ನಾವು ಹಚ್ಚುತ್ತೇವೆ. ಆಸಿ ಹಚ್ಚಿದ ಅಂದರೆ ನನಗೆ ಸಸಿ ಹಚ್ಚಿದ ಹಾಗೇ ಕೇಳಿಸುತ್ತದೆ. ಒಬ್ಬರ ಮನಸ್ಸಿನಲ್ಲಿ ಇಲ್ಲದ್ದನ್ನು ತಂದು ಊರಿದ. ಆಮೇಲೆ ನೀರು ಹಾಕದೆ ಹೋದ. ಆ ನೋವು ‘ಆಮಿಷ ಒಡ್ಡಿದ’ ಅನ್ನುವುದರಲ್ಲಿ ಎಲ್ಲಿದೆ?

ಇನ್ನೊಂದು ವಿಷಯ ಬಹಳ ದಿನದಿಂದ ಮನಸ್ಸಿನಲ್ಲಿದೆ. ಪತ್ರಿಕೆಯಲ್ಲಿ "ಮದುವೆ ಆಮಿಷಕ್ಕೆ ಬಲಿಯಾದ ಯುವತಿ" ಅಂತ ಬರೆಯುತ್ತಾರೆ. ಅವನು ಮಾತು ಕೊಟ್ಟ, ಅವಳು ನಂಬಿದಳು. ನಂಬಿದ್ದು ಆಸೆಬುರುಕತನ ಹೇಗಾಗುತ್ತದೆ? ‘ಆಮಿಷ ಒಡ್ಡಿದ’ ಅಂದರೆ ಒಡ್ಡಿದವನೊಬ್ಬ ಕಾಣುತ್ತಾನೆ. ‘ಆಮಿಷಕ್ಕೆ ಬಲಿಯಾದಳು’ ಅಂದ ಕೂಡಲೇ ಅವನು ಮಾಯವಾಗಿ ಅವಳೊಬ್ಬಳೇ ಉಳಿಯುತ್ತಾಳೆ. ಎಂಟನೇ ತರಗತಿ ಹುಡುಗಿಯರು ಇದನ್ನು ಓದುತ್ತಾರೆ. ಅವರ ಮುಖ ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಕನ್ನಡ ಮಾಸ್ತರ, ಬೀದರ

ಅಕ್ಕೋರೇ, ಗಿಡ ಹಚ್ಚುವ ಮಾತು ತುಂಬ ಚೆನ್ನಾಗಿದೆ. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ‘ಒಡ್ಡು’ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಬಲೆ ಒಡ್ಡುವುದು, ಎದೆ ಒಡ್ಡುವುದು, ಕೈ ಒಡ್ಡುವುದು. ಎಲ್ಲದರಲ್ಲೂ ಎದುರಿಗೆ ಚಾಚಿ ಹಿಡಿಯುವುದು ಇದೆ. ಹೊಲದ ನೀರು ತಡೆಯಲು ಹಾಕುವುದೂ ಒಡ್ಡು. ಹಾಗಾಗಿ ‘ಆಮಿಷ ಒಡ್ಡಿ’ ಅನ್ನುವುದರಲ್ಲಿ ದಾರಿಗೆ ಅಡ್ಡ ತಂದಿಟ್ಟ ಒಂದು ಕೈ ಖಂಡಿತ ಕಾಣುತ್ತದೆ. ‘ಬಲಿಯಾದ’ ಅನ್ನುವುದರಲ್ಲಿ ಅದು ಕಾಣುವುದಿಲ್ಲ ಅನ್ನುವ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಅದು ಆಮಿಷ ಅನ್ನುವ ಪದದ ತಪ್ಪಲ್ಲ, ಅದರ ಹಿಂದೆ ಬರುವ ಕ್ರಿಯಾಪದದ ತಪ್ಪು.

ದಖನಿ ಜಬಾನ್, ಕಲಬುರಗಿ

ನಮ್ಮ ಮನೆಯಲ್ಲಿ ದಖನಿ, ಹೊರಗೆ ಕನ್ನಡ. ಅಕ್ಕೋರ ಮಾತು ಓದಿ ಮೈ ಜುಮ್ಮೆಂದಿತು. ಏಕೆಂದರೆ ನಮ್ಮಲ್ಲಿ ‘ಆಸ್ ಲಗಾನಾ’ ಅಂತ ಇದೆ. ಆಸ್ ಅಂದರೆ ಆಸೆ, ಲಗಾನಾ ಅಂದರೆ ಹಚ್ಚುವುದು. ಒಂದೊಂದು ಪದಕ್ಕೂ ಜೋಡಿ ಸಿಗುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಆಸ್ ಲಗಾನಾ ಅಂದರೆ ಯಾರ ಮೇಲಾದರೂ ತಾನೇ ಆಸೆ ಇಟ್ಟುಕೊಂಡು ಕೂರುವುದು. ಕನ್ನಡದಲ್ಲಿ ಇನ್ನೊಬ್ಬರು ಹಚ್ಚುತ್ತಾರೆ.

ದುರಾಸೆಗೆ ನಮ್ಮಲ್ಲಿ ಲಾಲಚ್. "ಲಾಲಚ್ ಬುರೀ ಬಲಾ ಹೈ" ಅಂತ ಅಜ್ಜಿ ದಿನಾ ಹೇಳುತ್ತಿದ್ದರು. ‘ಲಾಲಚ್ ದೇನಾ’ ಅಂದರೆ ಹೆಚ್ಚುಕಡಿಮೆ ಆಮಿಷ ಒಡ್ಡುವುದೇ. ಸುಳ್ಳು ಮಾತು ಕೊಟ್ಟು ಮೋಸ ಮಾಡಿದರೆ ‘ಝಾಂಸಾ ದೇನಾ’. ಅಕ್ಕೋರು ಹೇಳಿದ ಮದುವೆ ಸುದ್ದಿಗೆ ಹಿಂದಿ ಪತ್ರಿಕೆಯವರು ‘ಶಾದೀ ಕಾ ಝಾಂಸಾ’ ಅಂತ ಬರೆಯುತ್ತಾರೆ. ಅಂದರೆ ಮದುವೆಯ ಸುಳ್ಳು. ತಪ್ಪು, ಸುಳ್ಳು ಹೇಳಿದವನ ತಲೆ ಮೇಲೇ ಕೂರುತ್ತದೆ. ಅದೇ ಸುದ್ದಿ ಕನ್ನಡಕ್ಕೆ ಬಂದಾಗ ಆಮಿಷ ಆಗುತ್ತದೆ. ಇದನ್ನು ಈವರೆಗೆ ಯಾರೂ ಯಾಕೆ ಗಮನಿಸಿಲ್ಲವೋ!

ಇಲ್ಲದ ವೈಭವ ತೋರಿಸಿ ನಂಬಿಸುವುದಕ್ಕೆ ಉರ್ದುವಿನಲ್ಲಿ ‘ಸಬ್ಜ್ ಬಾಗ್ ದಿಖಾನಾ’ ಅನ್ನುತ್ತಾರೆ. ಹಸಿರು ತೋಟ ತೋರಿಸುವುದು ಅಂತ. ನಮ್ಮ ಕಡೆಯ ಬಿಸಿಲಿನಲ್ಲಿ ಆ ಮಾತಿನ ಬೆಲೆ ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ಇದಕ್ಕೆ ಏನಂತೀರಿ?

ಶಾಲೆ ಅಕ್ಕೋರು, ಭಾಲ್ಕಿ

ಅಂಗೈಯಲ್ಲಿ ಅರಮನೆ ತೋರಿಸುವುದು. ಇನ್ನೊಂದು, ಮೂಗಿಗೆ ತುಪ್ಪ ಸವರುವುದು. ಎರಡನೆಯದು ನನಗೆ ಬಹಳ ಇಷ್ಟ ಭಾಯಿ. ವಾಸನೆ ಬರುತ್ತಲೇ ಇರುತ್ತದೆ, ನಾಲಿಗೆಗೆ ಮಾತ್ರ ಸಿಗುವುದಿಲ್ಲ. ಕೊಡುತ್ತೇನೆ ಅಂತ ವರ್ಷಗಟ್ಟಲೆ ಸತಾಯಿಸುವವರಿಗೆ ಇದಕ್ಕಿಂತ ಸರಿಯಾದ ಮಾತಿಲ್ಲ.

ವಕೀಲ, ಕಲಬುರಗಿ

ಚರ್ಚೆ ಚೆನ್ನಾಗಿದೆ. ಆದರೆ ಅರ್ಜಿ ಬರೆಯುವ ಅಣ್ಣನಿಗೆ ನಾಳೆ ನಾಡಿದ್ದರಲ್ಲೇ ಕೆಲಸ ಆಗಬೇಕು. ಅದಕ್ಕೆ ಕಾನೂನಿನ ಕಡೆಯಿಂದ ಹೇಳುತ್ತೇನೆ.

ಆಮಿಷ ತೋರಿಸುವುದು ಅಷ್ಟೇ ಇದ್ದರೆ ಎಲ್ಲ ಕಡೆ ಅಪರಾಧ ಅಲ್ಲ. ಅಂಗಡಿಯವರು ಒಂದು ಸೀರೆಗೆ ಒಂದು ಸೀರೆ ಉಚಿತ ಅನ್ನುವುದೂ ಆಸೆ ತೋರಿಸುವುದೇ. ಈ ಪ್ರಕರಣದಲ್ಲಿ ಅಪರಾಧ ಅಂದರೆ ವಂಚನೆ. ಅದಕ್ಕೆ ಮೊದಲು ಭಾರತೀಯ ದಂಡ ಸಂಹಿತೆಯ 420ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ 318ನೇ ಕಲಂ. ಹಣ ಕೊಟ್ಟದ್ದು ಆ ದಿನಕ್ಕಿಂತ ಮೊದಲಾದರೆ ಹಳೆಯ ಕಲಮೇ ಅನ್ವಯ. ವಂಚನೆ ಅನ್ನಲು ಮುಖ್ಯವಾಗಿ ನೋಡುವುದು ಇದು: ಅವನು ಹೇಳಿದ್ದು ಸುಳ್ಳು ಅಂತ ಹೇಳುವಾಗಲೇ ಅವನಿಗೆ ಗೊತ್ತಿತ್ತಾ? ಆ ಸುಳ್ಳನ್ನು ನಂಬಿಯೇ ಇವರು ಹಣ ಕೊಟ್ಟರಾ? ಹಾಗಾಗಿ ಅರ್ಜಿಯಲ್ಲಿ ಆಮಿಷಕ್ಕಿಂತ ‘ಸುಳ್ಳು ಹೇಳಿ ನಂಬಿಸಿ’ ಅನ್ನುವುದೇ ಹೆಚ್ಚು ಕೆಲಸ ಮಾಡುತ್ತದೆ. ಆ ಅಕ್ಕ ಗೊತ್ತಿಲ್ಲದೇ ಸರಿಯಾದ ಜಾಗದಲ್ಲೇ ತಡೆದಿದ್ದಾರೆ.

ಚುನಾವಣೆಯಲ್ಲಿ ಮಾತ್ರ ಪೂರ್ತಿ ಬೇರೆ. ಅಲ್ಲಿ ಮತಕ್ಕಾಗಿ ಕುಕ್ಕರೋ ಸೀರೆಯೋ ರೊಕ್ಕವೋ ಕೊಟ್ಟರೆ, ಅದು ನಿಜವಾಗಿ ಕೈಗೆ ಸೇರಿದರೂ ಅಪರಾಧ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಅದನ್ನು ಭ್ರಷ್ಟ ಆಚರಣೆ ಅನ್ನುತ್ತದೆ. ಕೊಡುತ್ತೇನೆ ಅಂತ ಬಾಯಿಮಾತು ಕೊಟ್ಟರೂ ಸಾಕು. ನ್ಯಾಯ ಸಂಹಿತೆಯ 170ನೇ ಕಲಂ ಪ್ರಕಾರ ಕೊಡುವವನೂ ಲಂಚದ ಅಪರಾಧಿ, ಪಡೆಯುವವನೂ ಅಪರಾಧಿ. ಭೀಮಾ ದಂಡಿಯ ಅಣ್ಣ ಹೇಳಿದ ಖರೇ ಹುಳ ಇದೇ. ‘ಮತದಾರರಿಗೆ ಆಮಿಷ’ ಅನ್ನುವುದು ಅದಕ್ಕೇ ಸರಿಯಾದ ಬಳಕೆ. ಹುಳ ಸಿಗುತ್ತದೆ, ಕೊಕ್ಕಿ ಐದು ವರ್ಷ ಬಾಯಲ್ಲಿ ಇರುತ್ತದೆ.

ಇನ್ನು ಅರ್ಜಿಯಲ್ಲಿ ಮರೆಯದೆ ಬರೆಯಬೇಕಾದ್ದು: ಯಾವ ದಿನ, ಎಲ್ಲಿ, ಯಾರ ಎದುರಿಗೆ ಆ ಮಾತು ಹೇಳಿದ, ಯಾರು ಎಷ್ಟು ಕೊಟ್ಟರು, ಕೈಯಲ್ಲಾ ಫೋನ್‌ಪೇಯಲ್ಲಾ, ಅವನ ಫೋನ್ ನಂಬರು ಯಾವುದು. ಫೋನ್‌ಪೇ ಮಾಡಿದ್ದರೆ ಅದರ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಲಗತ್ತಿಸಿ. 12 ಜನರದ್ದೂ ಸಹಿ ಇರಲಿ.

ತೊಗರಿ ಹೊಲ, ಆಳಂದ

ನಾನು ಓದಿದ್ದು ಕಡಿಮೆ. ಆದರೂ ಒಂದು ಪದ ಹೇಳುತ್ತೇನೆ. ನಮ್ಮ ತೊಗರಿ ಹೊಲದಲ್ಲಿ ‘ಮೋಹಕ ಬಲೆ’ ಅಂತ ಕಟ್ಟುತ್ತೇವೆ. ಕಾಯಿಕೊರಕ ಹುಳದ ಕಾಟ ನಿಮಗೆಲ್ಲ ಗೊತ್ತು. ಹುಳ ಆಗುವ ಮೊದಲು ಅದರ ಪತಂಗ ಬಂದು ತತ್ತಿ ಇಡುತ್ತದೆ. ಬಲೆಯಲ್ಲಿ ಒಂದು ಸಣ್ಣ ರಬ್ಬರ್ ತುಂಡು ಇರುತ್ತದೆ, ಅದಕ್ಕೆ ಲೂರ್ ಅನ್ನುತ್ತಾರೆ. ಹೆಣ್ಣು ಪತಂಗದ ವಾಸನೆ ಅದರಲ್ಲಿ ತುಂಬಿರುತ್ತದೆ. ರಾತ್ರಿ ಗಂಡು ಪತಂಗ ಆ ವಾಸನೆ ಹಿಡಿದು ಬಂದು ಕೆಳಗಿನ ಚೀಲಕ್ಕೆ ಬೀಳುತ್ತದೆ. ಮೂರ್ನಾಲ್ಕು ವಾರಕ್ಕೊಮ್ಮೆ ಲೂರ್ ಬದಲಿಸಬೇಕು, ಇಲ್ಲವಾದರೆ ವಾಸನೆ ಹೋಗುತ್ತದೆ. ಬೆಳಿಗ್ಗೆ ಹೋಗಿ ಎಷ್ಟು ಬಿದ್ದಿವೆ ಅಂತ ಎಣಿಸಿದರೆ, ಔಷಧ ಹೊಡೆಯುವ ಸಮಯ ಬಂತಾ ಇಲ್ಲವಾ ಅಂತ ಗೊತ್ತಾಗುತ್ತದೆ.

ಇದಕ್ಕೆ ಯಾರೂ ಆಮಿಷ ಬಲೆ ಅನ್ನಲಿಲ್ಲ, ಮೋಹಕ ಅಂದರು. ನನಗೆ ಅನ್ನಿಸುವುದು ಇದು. ಪತಂಗಕ್ಕೆ ಆ ಸೆಳೆತ ಹುಟ್ಟಿನಿಂದಲೇ ಇದೆ. ಹೊರಗಿನಿಂದ ಯಾರೂ ಅದಕ್ಕೆ ಆಸಿ ಹಚ್ಚಿಲ್ಲ. ಇರುವ ಸೆಳೆತವನ್ನೇ ನಾವು ಬಳಸಿಕೊಂಡೆವು. ಆಮಿಷದಲ್ಲಿ ತಿನ್ನುವ ವಸ್ತು ಇರುತ್ತದೆ, ಇಲ್ಲಿ ವಾಸನೆ ಮಾತ್ರ.

ಲೂರ್ ಅನ್ನುವುದು ಇಂಗ್ಲಿಷಿನಲ್ಲಿ ಆಮಿಷಕ್ಕೇ ಅನ್ನುತ್ತಾರಂತೆ, ನನ್ನ ಮಗ ಹೇಳಿದ. ನಾವು ಅದನ್ನು ರಬ್ಬರ್ ತುಂಡಿನ ಹೆಸರು ಅಂತಲೇ ತಿಳಿದಿದ್ದೆವು.

ಅರ್ಜಿ ಬರೆಯುವವ, ಜೇವರ್ಗಿ

ಕಾಕಾ, ಓದಿದ್ದು ಕಡಿಮೆ ಅನ್ನಬೇಡಿ. ಮೋಹ ಒಳಗಿನದು, ಆಮಿಷ ಹೊರಗಿನದು. ನಿಮ್ಮ ಮಾತಿನಿಂದ ನನಗೆ ಹೀಗೆ ಅರ್ಥವಾಯಿತು. ಸರಿಯಾ?

ತೊಗರಿ ಹೊಲ, ಆಳಂದ

ಸರಿ ಅದ.

ಕಲ್ಯಾಣದ ಮಗಳು, ಬಸವಕಲ್ಯಾಣ

ಹೊರಗಿನದು ಒಳಗಿನದು ಅಂದಾಗ ಅಲ್ಲಮಪ್ರಭುಗಳು ನೆನಪಾಗದೆ ಇರುತ್ತಾರಾ? ಹೊನ್ನು ಮಾಯೆಯಲ್ಲ, ಹೆಣ್ಣು ಮಾಯೆಯಲ್ಲ, ಮಣ್ಣು ಮಾಯೆಯಲ್ಲ, "ಮನದ ಮುಂದಣ ಆಸೆಯೇ ಮಾಯೆ" ಅಂದರು. ಆದರೆ ಈ ಚರ್ಚೆಗೆ ನನಗೆ ಅದಕ್ಕಿಂತ ಹತ್ತಿರ ಅನ್ನಿಸಿದ್ದು ಆಯ್ದಕ್ಕಿ ಲಕ್ಕಮ್ಮ.

ನಮ್ಮ ಊರಿನ ಕಥೆ ಇದು, ಹೇಳಿಯೇ ಹೇಳುತ್ತೇನೆ. ಲಕ್ಕಮ್ಮ ಮತ್ತು ಗಂಡ ಮಾರಯ್ಯ ಕಲ್ಯಾಣದಲ್ಲಿದ್ದರು. ಬಸವಣ್ಣನವರ ಮಹಾಮನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ದಾಸೋಹ. ಒಂದು ದಿನ ಅವರು ದಿನಕ್ಕಿಂತ ಜಾಸ್ತಿ ಅಕ್ಕಿ ತಂದರು. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರು ಅಂತ ನಮ್ಮ ಕಡೆ ಕಥೆ ಹೇಳುವವರು ಹೇಳುತ್ತಾರೆ. ಲಕ್ಕಮ್ಮ ಚೀಲ ನೋಡಿದ ಕೂಡಲೇ ಕೇಳಿದರು, "ಈಸಕ್ಕಿಯಾಸೆ ನಿಮಗೇಕೆ?" ಇಷ್ಟು ಅಕ್ಕಿಯ ಆಸೆ ನಿಮಗೆ ಯಾಕೆ ಅಂತ. ಆಸೆ ಅನ್ನುವುದು ಅರಸನಿಗಿರಬೇಕೇ ಹೊರತು ಶಿವಭಕ್ತರಿಗೆ ಇರಬಾರದು ಅಂದರು. ಹೆಚ್ಚಿನ ಅಕ್ಕಿ ಮರಳಿ ಅಲ್ಲೇ ಸುರಿದು ಬರಲು ಹೇಳಿದರು.

ಅಂಗಳದಲ್ಲಿ ಚೆಲ್ಲಿದ ಆ ಅಕ್ಕಿ ಆಮಿಷವಾ? ಕೈಗೆ ಸಿಗುವ ನಿಜವಾದ ಅಕ್ಕಿ, ಹಿಂದೆ ಒಂದು ಕೈ, ಎರಡೂ ಇದ್ದವು. ಆದರೆ ಬಸವಣ್ಣನವರಿಗೆ ಹಿಡಿಯುವ ಮನಸ್ಸು ಇರಲಿಲ್ಲ, ನೋಡುವ ಮನಸ್ಸು ಇತ್ತು. ಅದಕ್ಕೆ ನಾನು ಅದನ್ನು ಪರೀಕ್ಷೆ ಅನ್ನುತ್ತೇನೆ. ಹುಳದ ಒಳಗೆ ಕೊಕ್ಕಿ ಇರಲಿಲ್ಲ.

ಮತ್ತೆ ಒಂದು ಮಾತು. ಲಕ್ಕಮ್ಮನ ಈ ವಚನ ಹೇಳಿ ಬಡವರಿಗೆ ಆಸೆ ಇರಬಾರದು ಅಂತ ಭಾಷಣ ಮಾಡುವವರನ್ನು ನೋಡಿದ್ದೇನೆ. ಅದು ತಪ್ಪು. ಲಕ್ಕಮ್ಮ ಬೇಡ ಅಂದದ್ದು ದುಡಿಮೆಗಿಂತ ಹೆಚ್ಚು ಬಂದದ್ದನ್ನು. ಜೇವರ್ಗಿಯ ಆ ಅಕ್ಕ ಕೇಳಿದ್ದು ದುಡಿಯಲು ಒಂದು ಮಷೀನು.

ಬೀದರ ಚರ್ಚು ಓಣಿ

ಪರೀಕ್ಷೆ ಅಂದದ್ದು ಓದಿ ಬರೆಯುತ್ತಿದ್ದೇನೆ. ನಮ್ಮದು ಮೆಥಡಿಸ್ಟ್ ಸಭೆ. ಕನ್ನಡದ ಪ್ರಾರ್ಥನೆಯಲ್ಲಿ ನಮ್ಮನ್ನು ‘ಶೋಧನೆ’ಗೆ ಒಳಪಡಿಸಬೇಡ ಅಂತ ಕೇಳಿಕೊಳ್ಳುತ್ತೇವೆ. ಮನಸ್ಸು ಕೆಡಿಸುವ ಸೆಳೆತಕ್ಕೆ ಅಲ್ಲಿ ಆಮಿಷ ಅನ್ನಲಿಲ್ಲ, ಶೋಧನೆ ಅಂದರು. ಅಂದರೆ ಸೋಸಿ ನೋಡುವುದು. ಚಿಕ್ಕವಳಿದ್ದಾಗ ಅಕ್ಕಿ ಸೋಸುವುದು ಅಂತಲೇ ತಿಳಿದಿದ್ದೆ. ಲಕ್ಕಮ್ಮನ ಅಕ್ಕಿ ಓದಿದಾಗ ಅದು ನೆನಪಾಯಿತು.

ಸನ್ನತಿ ಹತ್ತಿರದವ, ಚಿತ್ತಾಪುರ

ಮಾಸ್ತರು ಮಾಂಸದಿಂದ ಎರೆ ಆಯಿತು ಅಂದರು. ನಡುವೆ ಒಂದು ಮೆಟ್ಟಿಲು ಇದೆ. ಪಾಳಿ ಭಾಷೆಯಲ್ಲಿ ಇದೇ ಪದ ‘ಆಮಿಸ’. ಬೌದ್ಧ ಗ್ರಂಥಗಳಲ್ಲಿ ದಾನ ಎರಡು ಬಗೆ. ಊಟ ಬಟ್ಟೆ ಮುಂತಾದ ವಸ್ತು ಕೊಟ್ಟರೆ ಆಮಿಸ ದಾನ, ಧರ್ಮ ಹೇಳಿಕೊಟ್ಟರೆ ಧಮ್ಮ ದಾನ. ಅಲ್ಲಿ ಆಮಿಸ ಅಂದರೆ ಕೈಗೆ ಸಿಗುವ ವಸ್ತು, ಕೆಟ್ಟದ್ದೇನಲ್ಲ. ಹಾಗೆಯೇ ಆಮಿಸ ಸಿಕ್ಕಿಸಿದ ಗಾಳವನ್ನು ನುಂಗುವ ಮೀನಿನ ಹೋಲಿಕೆಯೂ ಅಲ್ಲೇ ಬರುತ್ತದೆ. ಮೀನಿನ ಕಣ್ಣು ಆಮಿಸದ ಮೇಲೆ ಮಾತ್ರ ಇರುತ್ತದೆ ಅಂತ. ಅಂದರೆ ಜೇವರ್ಗಿಯ ಅಣ್ಣ ಆ ಅಕ್ಕನಿಗೆ ಹೇಳಿದ ಮೀನಿನ ಹೋಲಿಕೆ ಎರಡು ಸಾವಿರ ವರ್ಷಕ್ಕೂ ಹಳೆಯದು.

ನಮ್ಮ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಸಿಕ್ಕ ಸ್ತೂಪದ ಕಲ್ಲುಗಳಲ್ಲಿ ‘ರಾಯ ಅಸೋಕೋ’ ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ಇದೆ. ಪಾಳಿಗೆ ಹತ್ತಿರದ ಪ್ರಾಕೃತ ನಮ್ಮ ಭೀಮೆಯ ದಂಡೆಯಲ್ಲಿ ಕಲ್ಲಿನ ಮೇಲೆಯೇ ಉಳಿದಿದೆ. ಅದಕ್ಕೆ ಈ ಪದ ನನಗೆ ಪರಕೀಯ ಅನ್ನಿಸುವುದಿಲ್ಲ.

ತಾಂಡಾದ ಹುಡುಗ, ಈಗ ಪುಣೆ

ನಾಲ್ಕು ದಿನದಿಂದ ಓದುತ್ತಿದ್ದೇನೆ. ಬರೆಯಬೇಕಾ ಬೇಡವಾ ಅಂತ ಯೋಚಿಸಿ ಈಗ ಬರೆಯುತ್ತಿದ್ದೇನೆ.

ನಮ್ಮದು ಯಾದಗಿರಿ ಜಿಲ್ಲೆಯ ತಾಂಡಾ. ನಾನು ಚಿಕ್ಕವನಿದ್ದಾಗ ಪ್ರತಿ ವರ್ಷ ದೀಪಾವಳಿಗೆ ಮುಂಚೆ ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಮಧ್ಯವರ್ತಿ, ಬರುತ್ತಿದ್ದ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗಂಡ ಹೆಂಡತಿ ಜೋಡಿಯಾಗಿ ಹೋಗಬೇಕು. ಆ ಜೋಡಿಗೆ ‘ಕೊಯ್ತಾ’ ಅನ್ನುತ್ತಾರೆ. ಕುಡುಗೋಲಿನ ಹೆಸರನ್ನೇ ಮನುಷ್ಯರಿಗೆ ಇಟ್ಟಿದ್ದಾರೆ. ಒಂದು ಕೊಯ್ತಾಕ್ಕೆ ಇಷ್ಟು ಅಂತ ಮುಂಗಡ ಕೊಡುತ್ತಿದ್ದ. ಆ ರೊಕ್ಕ ಖರೇ. ಅಪ್ಪ ಅದರಲ್ಲಿ ಅಕ್ಕನ ಮದುವೆ ಮಾಡಿದರು. ಆಮೇಲೆ ಅದು ತೀರಲೇ ಇಲ್ಲ. ಮಳೆ ಬಂದು ಕೆಲಸ ನಿಂತರೆ ಲೆಕ್ಕಕ್ಕೆ, ಅವ್ವನಿಗೆ ಜ್ವರ ಬಂದರೆ ಲೆಕ್ಕಕ್ಕೆ. ಮುಂದಿನ ವರ್ಷ ಹಳೇ ಬಾಕಿ ತೀರಿಸಲು ಮತ್ತೆ ಹೋಗಬೇಕು. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂದಿದೆ ಅಂತ ನಾನು ಕಾಲೇಜಿಗೆ ಬಂದ ಮೇಲೆ ಓದಿದೆ. ಮುಂಗಡದ ಸಾಲಕ್ಕೆ ಬಲವಂತವಾಗಿ ದುಡಿಸಿಕೊಂಡರೆ ಅದೂ ಜೀತವೇ ಅಂತ ಅದರಲ್ಲಿದೆ.

ಇಲ್ಲಿ ಒಂದು ಸಂಸ್ಥೆಯವರು ಕಾರ್ಮಿಕರ ಬಗ್ಗೆ ಕರಪತ್ರ ತಂದಿದ್ದರು. ಅದರಲ್ಲಿ "ಮುಂಗಡ ಹಣದ ಆಮಿಷಕ್ಕೆ ಬಲಿಯಾಗಿ ವಲಸೆ ಹೋಗುತ್ತಾರೆ" ಅಂತ ಇತ್ತು. ಅದನ್ನು ಓದಿ ನನಗೆ ಹೊಟ್ಟೆ ಉರಿಯಿತು. ನನ್ನ ಅಪ್ಪನಿಗೆ ಕೊಕ್ಕಿ ಕಾಣುತ್ತಿತ್ತು. ಹುಳದ ಒಳಗೆ ಏನಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನುಂಗಿದರು, ಏಕೆಂದರೆ ಅಕ್ಕನ ಮದುವೆಗೆ ಬೇರೆ ಕಡೆ ರೊಕ್ಕ ಇರಲಿಲ್ಲ. ಅದಕ್ಕೆ ಅಡಚಣೆ ಅಂತ ಬರೆಯಿರಿ, ಬಡತನ ಅಂತ ಬರೆಯಿರಿ. ಆಮಿಷ ಅನ್ನಬೇಡಿ.

ಭೀಮಾ ದಂಡಿ, ಯಾದಗಿರಿ

ತಮ್ಮಾ, ನಿನ್ನ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಮೀನಿಗೆ ಕೊಕ್ಕಿ ಕಾಣುವುದಿಲ್ಲ ಅಂತ ನಾನು ದೊಡ್ಡದಾಗಿ ಹೇಳಿದ್ದೆ. ಕಂಡೂ ನುಂಗುವವರು ಇದ್ದಾರೆ ಅಂತ ಮರೆತಿದ್ದೆ.

ಕನ್ನಡ ಮಾಸ್ತರ, ಬೀದರ

ನಾನು ಮೊದಲು ಎರಡೂ ಒಂದೇ ಅಂದಿದ್ದೆ. ಈಗ ಹಾಗೆ ಅನ್ನುವುದಿಲ್ಲ. ಆಮಿಷ ಅಂದರೆ ಬೇಡದ ಕೆಲಸ ಮಾಡಿಸಲು ಮುಂದೆ ಹಿಡಿದ ವಸ್ತು. ಮತ ಮಾರುವಂತೆ, ಸಾಕ್ಷಿ ತಿರುಗುವಂತೆ, ಪಕ್ಷ ಬಿಡುವಂತೆ ಮಾಡಲು ಕೊಟ್ಟದ್ದು ಆಮಿಷ. ಅಲ್ಲಿ ಆ ಪದ ಗಟ್ಟಿಯಾಗಿ ನಿಲ್ಲುತ್ತದೆ, ಬಿಡಬಾರದು. ಸುಳ್ಳು ಭರವಸೆ ಕೊಟ್ಟು ರೊಕ್ಕ ಒಯ್ದರೆ ಅದು ವಂಚನೆ, ಆಸೆ ಹಚ್ಚಿದ್ದು. ಬೇರೆ ದಾರಿ ಇಲ್ಲದೆ ಒಪ್ಪಿಕೊಂಡರೆ ಅದು ಎರಡೂ ಅಲ್ಲ.

ಇನ್ನೊಂದು ಯೋಚನೆ ಬಂತು. ‘ಆಸೆ ಹಚ್ಚು’ ಅನ್ನುವುದನ್ನು ಅರ್ಜಿಯಲ್ಲಿ ಬರೆದರೆ ಏನಾಗುತ್ತದೆ? ಕನ್ನಡವೇ ತಾನೇ? ಯಾವ ಪೊಲೀಸರಿಗೆ ಅರ್ಥವಾಗುವುದಿಲ್ಲ?

ವಕೀಲ, ಕಲಬುರಗಿ

ಏನೂ ಆಗುವುದಿಲ್ಲ ಮಾಸ್ತರ್ರೇ. ದೂರುದಾರರ ಮಾತಿನಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಮುಂದೆ ಕೋರ್ಟಿನಲ್ಲಿ ಅವರು ಸಾಕ್ಷಿ ಹೇಳುವಾಗ, ಅರ್ಜಿಯಲ್ಲಿ ಒಂದು ಪದ ಬಾಯಲ್ಲಿ ಒಂದು ಪದ ಆದರೆ ಎದುರು ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. "ಆಮಿಷ ಅಂದರೆ ಏನಮ್ಮಾ?" ಅಂತ ಕೇಳಿ, ಇವರಿಗೆ ಹೇಳಲು ಬರದಿದ್ದರೆ, ಅರ್ಜಿ ಬೇರೆ ಯಾರೋ ಹೇಳಿಕೊಟ್ಟು ಬರೆಸಿದ್ದು ಅಂತ ವಾದ ಮಾಡುತ್ತಾರೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ.

ಅರ್ಜಿ ಬರೆಯುವವ, ಜೇವರ್ಗಿ

ಎಲ್ಲರಿಗೂ ಶರಣು. ಇವತ್ತು ಆ ಅಕ್ಕ ಬಂದಿದ್ದರು. ಜೊತೆಗೆ ಉಳಿದ 11 ಜನವೂ ಬಂದಿದ್ದರು. ಹೊಸದಾಗಿ ಬರೆದೆ. ಮುಖ್ಯ ಭಾಗ ಹೀಗಿದೆ:

"ಅರ್ಧ ದರಕ್ಕೆ ಹೊಲಿಗೆ ಮಷೀನು ಕೊಡಿಸುತ್ತೇನೆಂದು ಸುಳ್ಳು ಹೇಳಿ, ನಮ್ಮನ್ನು ನಂಬಿಸಿ, ದುಡಿದು ತಿನ್ನುವ ಆಸೆ ಹಚ್ಚಿ, ನಮ್ಮ ಪ್ರತಿಯೊಬ್ಬರಿಂದ 3,500 ರೂಪಾಯಿ ತೆಗೆದುಕೊಂಡು ಹೋಗಿದ್ದಾನೆ."

ಓದಿ ಹೇಳಿದೆ. ಆ ಅಕ್ಕ ಪೂರ್ತಿ ಕೇಳಿದರು. ಎಲ್ಲಿಯೂ ತಡೆಯಲಿಲ್ಲ. ಕೊನೆಗೆ ತಾರೀಖಿನ ಕಡೆ ಮಾತ್ರ ಕೈ ಎತ್ತಿದರು. ಅವನು ಬಂದದ್ದು ಶರಣಬಸವೇಶ್ವರ ತೇರಿನ ದಿನ ಅಲ್ಲ, ಮರುದಿನ ಅಂತ ಹೇಳಿದರು. ಕ್ಯಾಲೆಂಡರ್ ತೆಗೆದು ನೋಡಿ ತಿದ್ದಿದೆ. ಅವರ ಪಕ್ಕದ ಮನೆಯವರು 3,000 ಮಾತ್ರ ಕೊಟ್ಟಿದ್ದರಂತೆ, ಉಳಿದ 500 ಮಷೀನು ಬಂದ ಮೇಲೆ ಅಂತ. ಆ ಸಾಲು ಬದಲಿಸಿ, ಯಾರು ಎಷ್ಟು ಕೊಟ್ಟರು ಅಂತ ಬೇರೆ ಬೇರೆ ಬರೆದೆ. ಏಳು ಜನ ಸಹಿ ಮಾಡಿದರು, ಐದು ಜನ ಹೆಬ್ಬೆಟ್ಟು ಒತ್ತಿದರು.

ನನ್ನ ಹತ್ತಿರ ಹಳೇ ಅರ್ಜಿಗಳ ನಕಲು ಒಂದು ಪೆಟ್ಟಿಗೆ ಇದೆ. ರಾತ್ರಿ ಕುಳಿತು ನೋಡುತ್ತಿದ್ದೇನೆ. ಆಮಿಷ ಅಂತ ಎಲ್ಲೆಲ್ಲಿ ಬರೆದಿದ್ದೇನೆ ಅಂತ.

ವಕೀಲ, ಕಲಬುರಗಿ

ಅಣ್ಣಾ, ಠಾಣೆಯಲ್ಲಿ ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ, ಸಿಕ್ಕಾ ಹಾಕಿಸಿಕೊಳ್ಳಲು ಹೇಳಿ. ಎಫ್‌ಐಆರ್ ಆದರೆ ಅದರ ಪ್ರತಿ ದೂರುದಾರರಿಗೆ ಪುಕ್ಕಟೆ ಕೊಡಬೇಕು. ಕೇಳಿ ಇಸಿದುಕೊಳ್ಳಲಿ.

ಶಾಲೆ ಅಕ್ಕೋರು, ಭಾಲ್ಕಿ

ಮಗಳ ಫೀಸು ಎಷ್ಟು ಬಾಕಿ ಇದೆ ಅಂತ ಕೇಳಿದಿರಾ ಅಣ್ಣಾ? ಕೇಳಿ ತಿಳಿಸಿ.